ಗುರ್ಯಾನ ಬಾಯಿ ಹೊಲಿಯಬೇಕಾ?

ಪ್ರಶ್ನೆ: ನಾನು ಹುಬ್ಬಳ್ಳಿಯವನು. ಕೆಲಸದ ಜೊತೆಗೆ ಒಂದು ಕಾಮಿಕ್ ಬರೆದು, ಚಿತ್ರವನ್ನೂ ನಾನೇ ಬಿಡಿಸುತ್ತೇನೆ. ನಾಯಕನ ಹೆಸರು ಗಿರ್ಮಿಟ್ ಗುರ್ಯಾ. ಬಡ್ಡಿ ಸಾಹುಕಾರನ ಪರವಾಗಿ ವಸೂಲಿ ಮಾಡುವವನು. ಬಾಯಿ ತೆಗೆದರೆ ಬೈಗುಳ. ದೇವರು, ಪೊಲೀಸರು, ಪುಢಾರಿಗಳು ಯಾರನ್ನೂ ಬಿಡಲ್ಲ, ಓದುಗರಿಗೂ ನಾಲ್ಕು ಬಿಗಿಯುತ್ತಾನೆ. ಈಗ ಬೆಂಗಳೂರಿನ ನಿರ್ಮಾಪಕರೊಬ್ಬರು ಇದನ್ನ ಸಿನಿಮಾ ಮಾಡೋಣ ಅಂತಿದ್ದಾರೆ. ಆದರೆ ‘ಫ್ಯಾಮಿಲಿ ಬರಬೇಕು, ಬೈಗುಳ ತೆಗಿ, ತಾಯಿ ಸೆಂಟಿಮೆಂಟ್ ಹಾಕು’ ಅಂತಾರೆ. ಡೆಡ್‌ಪೂಲ್ ಬೈದುಕೊಂಡೇ ಗೆದ್ದಿಲ್ವಾ ಅಂದರೆ ‘ಅದು ಹಾಲಿವುಡ್’ ಅಂತಾರೆ. ಕೆಲವು ಪುಟ ಕಳಿಸಿದ್ದೇನೆ. ಏನು ಉಳಿಸಿಕೊಳ್ಳಲಿ, ಏನು ಬಿಡಲಿ?

ಉತ್ತರ: ಡೆಡ್‌ಪೂಲ್ ಹೆಸರು ನೀವೇ ಎತ್ತಿದ್ದೀರಿ, ಅಲ್ಲಿಂದಲೇ ಶುರು ಮಾಡೋಣ. ಅಮೆರಿಕದ ಮಾರ್ವೆಲ್ ಕಾಮಿಕ್‌ಗಳ ಪಾತ್ರ ಅವನು. ಅವನು ಗೆದ್ದದ್ದು ಎಲ್ಲರಿಗೂ ಗೊತ್ತು. ಅದಕ್ಕೂ ಮುಂಚೆ ಒಂದು ಸಲ ತೆರೆಯ ಮೇಲೆ ಹಾಳಾಗಿದ್ದ. ನಿಮಗೆ ಆ ಕಥೆಯೇ ಜಾಸ್ತಿ ಉಪಯೋಗ.

2009ರಲ್ಲಿ ಇನ್ನೊಬ್ಬ ಮಾರ್ವೆಲ್ ಹೀರೊ ವುಲ್ವರಿನ್‌ನ ಹಿಂದಿನ ಕಥೆ ಹೇಳುವ ಸಿನಿಮಾ ಬಂತು. ಅದರಲ್ಲಿ ಡೆಡ್‌ಪೂಲ್ ಇದ್ದ, ನಟನೂ ರಯಾನ್ ರೆನಾಲ್ಡ್ಸೇ. ಶುರುವಿನಲ್ಲಿ ಒಂದಷ್ಟು ಹರಟೆ ಹೊಡೆದು ಮರೆಯಾಗುತ್ತಾನೆ. ಕೊನೆಗೆ ವಾಪಸ್ ಬಂದಾಗ ಕಣ್ಣಿನಿಂದ ಕಿರಣ ಹಾರುತ್ತದೆ, ಕೈಯಿಂದ ಕತ್ತಿ ಹೊರಗೆ ಬರುತ್ತದೆ. ಬಾಯಿ ಮಾತ್ರ ಹೊಲಿದುಬಿಟ್ಟಿದ್ದಾರೆ! ಕಾಮಿಕ್ ಓದುವವರು ಅವನನ್ನ ಗುರುತಿಸುವುದೇ ಬಾಯಿಬಡುಕ ಕೂಲಿ ಹಂತಕ ಅಂತ. ಬಾಯಿ ಹೊಲಿದ ಮೇಲೆ ಉಳಿದವನು ಕತ್ತಿ ಹಿಡಿದ ಯಾವನೋ ಒಬ್ಬ. ಅಭಿಮಾನಿಗಳು ರೊಚ್ಚಿಗೆದ್ದದ್ದು ಇದಕ್ಕೇ. ‘ಬೈಗುಳ ತೆಗಿ’ ಅನ್ನುವ ನಿಮ್ಮ ನಿರ್ಮಾಪಕರು ಕೇಳುತ್ತಿರುವುದೂ ಹೆಚ್ಚು ಕಡಿಮೆ ಸೂಜಿ ದಾರವನ್ನೇ.

ಹಾಗಂತ ‘ಮೂಲದಲ್ಲಿ ಇದ್ದದ್ದು ಇದ್ದ ಹಾಗೇ ಬರಬೇಕು’ ಅಂತ ನೀವೂ ಹಟ ಹಿಡಿಯಬೇಡಿ. ಯಾವ ಮೂಲ? ಡೆಡ್‌ಪೂಲ್ 1991ರಲ್ಲಿ ‘ನ್ಯೂ ಮ್ಯುಟೆಂಟ್ಸ್’ 98ನೇ ಸಂಚಿಕೆಯಲ್ಲಿ ಮೊದಲು ಕಾಣಿಸಿಕೊಂಡಾಗ ಒಬ್ಬ ಖಳ, ಅಷ್ಟೇ. ಸೃಷ್ಟಿಸಿದವರು ರಾಬ್ ಲೈಫೆಲ್ಡ್ ಮತ್ತು ಫೇಬಿಯನ್ ನಿಸಿಯೇಜಾ. ಓದುಗರ ಕಡೆ ತಿರುಗಿ ಮಾತಾಡುವ ಚಾಳಿ ಗಟ್ಟಿಯಾದದ್ದು 1997ರ ಸರಣಿಯಲ್ಲಿ, ಜೋ ಕೆಲ್ಲಿ ಬರೆಯತೊಡಗಿದ ಮೇಲೆ. ಅಂದರೆ ನಾವೆಲ್ಲ ‘ಅಸಲಿ ಡೆಡ್‌ಪೂಲ್’ ಅನ್ನುವುದು ಆಮೇಲೆ ಬಂದದ್ದು. ನಿಮ್ಮ ಗುರ್ಯಾ ಕೂಡ ಮೊದಲ ಸಂಚಿಕೆಯಲ್ಲಿ ಬರೀ ರೌಡಿ, ಈಚಿನ ಪುಟಗಳಲ್ಲಿ ಬೇರೆಯೇ ಮನುಷ್ಯ. ನೋಡಿಕೊಳ್ಳಿ.

ಈಗ ಡೆಡ್‌ಪೂಲ್ ಗೆದ್ದ 2016ರ ಸಿನಿಮಾಕ್ಕೆ ಬರೋಣ. ಅದು ಕೂಡ ಸಲೀಸಾಗಿ ಆದದ್ದಲ್ಲ. ಪರೀಕ್ಷೆಗೆಂದು ಮಾಡಿದ ಒಂದು ಸಣ್ಣ ತುಣುಕು ಬೀರುವಿನಲ್ಲೇ ಕೊಳೆಯುತ್ತಿತ್ತು. 2014ರಲ್ಲಿ ಅದು ಹೇಗೋ ಸೋರಿ ಇಂಟರ್ನೆಟ್‌ಗೆ ಬಂತು, ಜನ ಹುಚ್ಚೆದ್ದು ನೋಡಿದರು. ಆಮೇಲಷ್ಟೇ ಸ್ಟುಡಿಯೊ ಹೂಂ ಅಂದದ್ದು. ಅದೂ ಸುಮಾರು 5.8 ಕೋಟಿ ಡಾಲರಿನಲ್ಲಿ ಮುಗಿಸಿ ಅಂತ. ನಮಗೆ ದೊಡ್ಡ ಮೊತ್ತ, ಹಾಲಿವುಡ್ ಸೂಪರ್‌ಹೀರೊಗಳ ಲೆಕ್ಕದಲ್ಲಿ ಚಿಲ್ಲರೆ. ಗಳಿಸಿದ್ದು ಸುಮಾರು 78 ಕೋಟಿ ಡಾಲರ್.

ಈ ಸಿನಿಮಾ ಶುರುವಾಗುವ ರೀತಿ ನೋಡಿ. ಹೆಸರುಗಳು ಬರುವ ಜಾಗದಲ್ಲಿ ಒಬ್ಬರ ಹೆಸರೂ ಇಲ್ಲ. ನಾಯಕನ ಜಾಗದಲ್ಲಿ ‘ದೇವರೇ ಮಾಡಿದ ಪರಿಪೂರ್ಣ ಪೆದ್ದ’ ಎಂಬರ್ಥದ ಸಾಲು. ನಿರ್ದೇಶಕರಿಗೆ ‘ಜಾಸ್ತಿ ಸಂಬಳ ತಗೊಂಡ ದಂಡಪಿಂಡ’ ಅನ್ನುವ ಧಾಟಿಯ ಬಿರುದು. ನಿರ್ಮಾಪಕರಿಗೆ ನಾನು ಇಲ್ಲಿ ಬರೆಯಲಾಗದ ಒಂದು ಬೈಗುಳ. ಬರಹಗಾರರನ್ನ ಮಾತ್ರ ‘ನಿಜವಾದ ಹೀರೊಗಳು’ ಅಂತ ಹೊಗಳಿದ್ದಾರೆ, ಬರೆದವರು ಅವರೇ ಅಲ್ವಾ! ಕಥೆ ಇನ್ನೂ ಒಂದು ಹೆಜ್ಜೆ ಇಟ್ಟಿಲ್ಲ, ಆಗಲೇ ಸಿನಿಮಾ ತನ್ನ ಮನೆಯವರನ್ನೆಲ್ಲ ಬೈದು ಮುಗಿಸಿದೆ. 2009ರ ಬಾಯಿ ಹೊಲಿದ ಅವತಾರದ ಗೊಂಬೆಯನ್ನೂ ಒಂದು ಕಡೆ ತೋರಿಸಿ ತಮ್ಮ ಹಳೇ ಮುಖಭಂಗಕ್ಕೆ ತಾವೇ ನಗುತ್ತಾರೆ. ಇಷ್ಟಾದ ಮೇಲೆ ಅವನು ಬೇರೆಯವರನ್ನ ಬೈದರೆ ಯಾರಿಗೂ ಸಿಟ್ಟು ಬರಲ್ಲ. ಮೊದಲ ಕಲ್ಲು ತನ್ನ ಮೇಲೇ ಹಾಕಿಕೊಂಡಿದ್ದಾನಲ್ಲ.

ಅವನು ಯಾರನ್ನ ಬೈತಾನೆ ಅನ್ನುವುದನ್ನೂ ಪಟ್ಟಿ ಮಾಡಿ ನೋಡಿ. ಸ್ಟುಡಿಯೊ, ತನ್ನದೇ ನಟ, ಶಿಸ್ತಿನ ಸೂಪರ್‌ಹೀರೊಗಳು, ಖಳ. ಅವನ ಜೊತೆ ಒಂದೇ ಮನೆಯಲ್ಲಿರುವ ಕುರುಡು ಮುದುಕಿ ಆಲ್‌ಳನ್ನೂ ಬೈತಾನೆ, ನಿಜ. ಆದರೆ ಅವಳು ಸುಮ್ನೆ ಕೂರಲ್ಲ, ಒಂದಕ್ಕೆ ಎರಡು ವಾಪಸ್ ಕೊಡುತ್ತಾಳೆ. ತಿರುಗಿ ಬೈಯುವ ಶಕ್ತಿ ಇರುವವರನ್ನ ಬೈದರೆ ಜಗಳ, ಇಲ್ಲದವರನ್ನ ಬೈದರೆ ದಬ್ಬಾಳಿಕೆ. ಜಗಳ ನೋಡಲು ಜನ ದುಡ್ಡು ಕೊಟ್ಟು ಬರ್ತಾರೆ.

ಇನ್ನೊಂದು ಪಾತ್ರ ಕೊಲೋಸಸ್. ಉಕ್ಕಿನ ಮೈ, ಮಠದ ಸ್ವಾಮಿಗಳಂತಹ ಮಾತು. ಈ ಪಾತ್ರ ಯಾಕೆ ಬೇಕು? ನೋಡುಗರಲ್ಲಿ ‘ಇದು ತಪ್ಪಲ್ವಾ’ ಅನ್ನುವ ಒಂದು ದನಿ ಇದ್ದೇ ಇರುತ್ತದೆ. ಆ ದನಿಗೆ ಸಿನಿಮಾದೊಳಗೇ ಒಂದು ಕುರ್ಚಿ ಹಾಕಿಕೊಟ್ಟಿದ್ದಾರೆ. ಕೊನೆಯಲ್ಲಿ ಖಳ ಕೈಗೆ ಸಿಕ್ಕಾಗ ಕೊಲೋಸಸ್ ಉದ್ದ ಭಾಷಣ ಶುರು ಮಾಡುತ್ತಾನೆ. ಹೀರೊ ಆಗಲು ದಿನವೆಲ್ಲ ಒಳ್ಳೆಯವನಾಗಿರಬೇಕಿಲ್ಲ, ಬದುಕಿನಲ್ಲಿ ನಾಲ್ಕೈದು ಗಳಿಗೆ ಸಾಕು ಅಂತ. ಮಾತು ಮುಗಿಯುವ ಮುಂಚೆಯೇ ಡೆಡ್‌ಪೂಲ್ ಖಳನಿಗೆ ಗುಂಡು ಹೊಡೆದುಬಿಡುತ್ತಾನೆ. ಭಾಷಣ ಚೆನ್ನಾಗಿಯೇ ಇದೆ, ಅದಕ್ಕೇ ಗುಂಡು ನಗು ತರಿಸುತ್ತದೆ. ಕೊಲೋಸಸ್‌ನನ್ನ ಪೆದ್ದನ ಹಾಗೆ ಬರೆದಿದ್ದರೆ ಆ ಜೋಕು ಸತ್ತೇ ಹೋಗುತ್ತಿತ್ತು.

ಇಷ್ಟರ ಕೆಳಗೆ ಏನಿದೆ ಅಂತ ಕೆದಕಿದರೆ ತುಂಬಾ ಹಳೇ ಕಾಲದ ಒಂದು ಪ್ರೇಮಕಥೆ ಸಿಗುತ್ತದೆ. ಕ್ಯಾನ್ಸರ್ ಬಂದವನು ಪ್ರೀತಿಸಿದವಳನ್ನ ಬಿಟ್ಟು ಹೋಗುತ್ತಾನೆ. ಚಿಕಿತ್ಸೆ ಅಂತ ನಂಬಿಸಿ ಕರೆದೊಯ್ದವರು ಅವನಿಗೆ ಸಾವಿಲ್ಲದ ಹಾಗೆ ಮಾಡುತ್ತಾರೆ, ಮುಖವನ್ನ ಹಾಳು ಮಾಡುತ್ತಾರೆ. ಈ ಮುಖ ಹೊತ್ತು ಅವಳ ಮುಂದೆ ಹೇಗೆ ನಿಲ್ಲಲಿ ಅನ್ನುವುದೇ ಇಡೀ ಸಿನಿಮಾದ ಎಳೆ. 2016ರ ಫೆಬ್ರವರಿ 12ಕ್ಕೆ, ಪ್ರೇಮಿಗಳ ದಿನದ ಹೊಸ್ತಿಲಲ್ಲಿ ಬಿಡುಗಡೆ ಮಾಡಿದರು. ತಮಾಷೆಗೆ ಅಂತ ಪಕ್ಕಾ ಪ್ರೇಮಚಿತ್ರದ ಪೋಸ್ಟರನ್ನೂ ಹಾಕಿದ್ದರು. ತಮಾಷೆಯಾದರೂ ಪೋಸ್ಟರ್ ಹೇಳಿದ್ದು ಸುಳ್ಳಲ್ಲ.

ಹಾಗಾಗಿ ನನ್ನ ಉತ್ತರ ಇಷ್ಟು. ಗುರ್ಯಾ ಯಾರನ್ನ ಬೈತಾನೆ, ಬೈದದ್ದಕ್ಕೆ ಏನು ದಂಡ ತೆರುತ್ತಾನೆ ಅನ್ನುವ ಎರಡನ್ನ ಗಟ್ಟಿಯಾಗಿ ಹಿಡಿದುಕೊಳ್ಳಿ. ಉಳಿದದ್ದರಲ್ಲಿ ಯಾವುದು ಹೋದರೂ ಪರವಾಗಿಲ್ಲ. ಬೈಗುಳದ ಪದಗಳು ಕೂಡ.

ಯಾವುದು ಹೋದರೂ ಅಂದೆ, ಅದನ್ನ ಎರಡು ಸಿನಿಮಾಗಳಲ್ಲಿ ನೋಡಬಹುದು. ಜಿಮ್ ಕ್ಯಾರಿ ಮಾಡಿದ ‘ದ ಮಾಸ್ಕ್’ 1994ರದ್ದು. ನಮ್ಮಲ್ಲಿ ಮಕ್ಕಳು ಕೂಡ ಟಿವಿಯಲ್ಲಿ ನೋಡಿ ನಕ್ಕಿದ್ದಾರೆ. ಅದರ ಮೂಲ ಕಾಮಿಕ್ ಓದಿದರೆ ನಡುಗುತ್ತೀರಿ, ಪುಟ ಪುಟಕ್ಕೂ ರಕ್ತ. ಸಿನಿಮಾದವರು ರಕ್ತ ತೆಗೆದು ಕಾರ್ಟೂನ್ ಕುಣಿತ ತುಂಬಿದರು. ಪುಕ್ಕಲನೊಬ್ಬ ಮುಖವಾಡ ಹಾಕಿದ ಕೂಡಲೇ ಯಾರಿಗೂ ಹೆದರದವನಾಗುತ್ತಾನೆ ಅನ್ನುವ ಬೇರು ಹಾಗೇ ಉಳಿಯಿತು, ಸಿನಿಮಾ ಗೆದ್ದಿತು. ಮರುವರ್ಷ ಬಂದ ‘ಜಡ್ಜ್ ಡ್ರೆಡ್’ ಕಥೆ ಉಲ್ಟಾ. ಬ್ರಿಟಿಷ್ ಕಾಮಿಕ್‌ನಲ್ಲಿ 1977ರಿಂದ ಈ ಡ್ರೆಡ್ ಹೆಲ್ಮೆಟ್ ತೆಗೆದು ಮುಖ ತೋರಿಸಿದವನಲ್ಲ. ಅವನೇ ಪೊಲೀಸ್, ಅವನೇ ನ್ಯಾಯಾಧೀಶ. ಕಾನೂನಿಗೆ ಮುಖ ಇಲ್ಲ ಅನ್ನುವುದೇ ಅವನ ಗುಟ್ಟು. ಸಿನಿಮಾದಲ್ಲಿ ಆ ಪಾತ್ರ ಮಾಡಿದ ಸ್ಟಾಲೋನ್ ಮುಖ ಕಾಣದಿದ್ದರೆ ಟಿಕೆಟ್ ಹೋಗಲ್ಲ ಅಂತ ಹೆಲ್ಮೆಟ್ ತೆಗೆಸಿದರು. ಅಲ್ಲಿಗೆ ಪಾತ್ರ ಮುಗಿಯಿತು. ಹಾಗಂತ ಮೂಲಕ್ಕೆ ನಿಷ್ಠರಾಗಿದ್ದರೆ ಗೆಲುವು ಖಾತ್ರಿ ಅಂತಲೂ ಅಲ್ಲ. 2012ರ ‘ಡ್ರೆಡ್’ನಲ್ಲಿ ಕಾರ್ಲ್ ಅರ್ಬನ್ ಕೊನೆತನಕ ಹೆಲ್ಮೆಟ್ ತೆಗೆಯಲಿಲ್ಲ. ಒಳ್ಳೆಯ ಸಿನಿಮಾ. ಥಿಯೇಟರಿನಲ್ಲಿ ಓಡಲಿಲ್ಲ.

‘ಅದು ಹಾಲಿವುಡ್’ ಅನ್ನುವ ಮಾತಿಗೆ ಬರೋಣ. ಇದಕ್ಕೆ ನೀವು ಕೊಡಬೇಕಾದ ಉತ್ತರ ಹಾಲಿವುಡ್‌ನಲ್ಲಿಲ್ಲ, ನಮ್ಮ ಸೀಮೆಯಲ್ಲೇ ಇದೆ. ಬಯಲಿನಲ್ಲಿ ರಾತ್ರಿಯೆಲ್ಲ ಆಡುವ ದೊಡ್ಡಾಟದಲ್ಲಿ ಎಂಥ ರಾಜನ ಪಾತ್ರ ಬಂದರೂ ಸಾರಥಿ ಅಡ್ಡ ನಿಂತು ‘ತಾವು ಯಾರು, ಯಾವೂರು’ ಅಂತ ವಿಚಾರಿಸುತ್ತಾನೆ. ನೋಡುವವರ ಪರವಾಗಿ ಅವನು ಮಾತಾಡುತ್ತಾನೆ, ನಡುವೆ ಗೋಡೆ ಅಂತ ಒಂದು ಇಲ್ಲವೇ ಇಲ್ಲ. ಶ್ರೀಕೃಷ್ಣ ಪಾರಿಜಾತ ಅನ್ನುವ ಆಟದಲ್ಲಿ ಸಾಕ್ಷಾತ್ ಕೃಷ್ಣನಿಗೇ ಇಬ್ಬರು ಹೆಂಡಿರ ನಡುವೆ ಪೇಚಾಟ. ದೇವರು ಅಂತ ಯಾರೂ ಅವನಿಗೆ ರಿಯಾಯಿತಿ ಕೊಡಲ್ಲ. ಇದನ್ನ ಬೆಳತನಕ ಕೂತು ನೋಡಿದವರು ಯಾರು? ಕಂಬಳಿ ಹೊದ್ದ ಅಜ್ಜಿಯರು, ಮಡಿಲಲ್ಲಿ ಮಕ್ಕಳನ್ನ ಮಲಗಿಸಿಕೊಂಡ ತಾಯಂದಿರು. ನಿರ್ಮಾಪಕರು ಹೇಳುವ ಫ್ಯಾಮಿಲಿ ಅಂದರೆ ಇವರೇ ತಾನೆ?

ಸಣ್ಣಾಟಕ್ಕೆ ಬಂದರೆ ಸಂಗ್ಯಾ ಬಾಳ್ಯಾ ಇದೆ. ಬೈಲಹೊಂಗಲದ ಕಡೆ ನಡೆದ ಘಟನೆ ಅಂತ ಹೇಳುವ ಕಥೆ. ಸಂಗ್ಯಾ ಯಾವ ಲೆಕ್ಕದಲ್ಲೂ ಒಳ್ಳೆಯವನಲ್ಲ. ಈರಣ್ಣನ ಹೆಂಡತಿ ಗಂಗಿಯ ಮೇಲೆ ಕಣ್ಣು ಹಾಕಿ ಅವಳ ಮನೆಯವರೆಗೂ ಹೋದವನು. ಕೊನೆಗೆ ನಂಬಿದ ಗೆಳೆಯ ಬಾಳ್ಯಾ ಮೋಸ ಮಾಡುತ್ತಾನೆ, ಈರಣ್ಣ ಮತ್ತು ತಮ್ಮಂದಿರು ಸಂಗ್ಯಾನನ್ನ ಕೊಲ್ಲುತ್ತಾರೆ. ಆಗ ಜನ ಅಳುತ್ತಾರೆ. ಅವನು ಮಾಡಿದ್ದು ಸರಿ ಅಂತ ಯಾರಿಗೂ ಅನ್ನಿಸಿಲ್ಲ. ಆದರೆ ತೆತ್ತ ದಂಡ ಕಣ್ಣೆದುರಿಗಿದೆ. ಇದಕ್ಕಿಂತ ದೊಡ್ಡ ಪುರಾವೆ ಬೇಕಾ?

ಈಗ ನಿಮ್ಮ ಪುಟಗಳಿಗೆ. ದುರ್ಗದಬೈಲಿನ ದೃಶ್ಯ ತೆಗೆದುಕೊಳ್ಳುತ್ತೇನೆ, ಏಕೆಂದರೆ ನಿಮ್ಮ ಶಕ್ತಿಯೂ ಅಲ್ಲೇ ಇದೆ, ತೊಂದರೆಯೂ ಅಲ್ಲೇ ಇದೆ. ಮಿರ್ಚಿ ಭಜಿ ಮಾರುವ ಹೆಂಗಸಿನ ಹತ್ತಿರ ಗುರ್ಯಾ ಬಡ್ಡಿ ವಸೂಲಿಗೆ ಹೋಗುತ್ತಾನೆ. ಮನಸ್ಸಿಗೆ ಬಂದಂತೆ ಬೈತಾನೆ. ಬುಟ್ಟಿ ಒದೆಯುತ್ತಾನೆ. ಕೊನೆಯ ಚೌಕದಲ್ಲಿ ನಮ್ಮ ಕಡೆ ತಿರುಗಿ, ‘ನೋಡ್ಕೋಂತ ಕುಂತೀರಲ್ಲ, ನಿಮಗರ ನಾಚಿಕಿ ಐತೇನ?’ ಅಂತಾನೆ. ಕಾಗದದ ಮೇಲೆ ಈ ಸಾಲು ಕೆನ್ನೆಗೆ ಬಾರಿಸಿದ ಹಾಗಿದೆ. ಶಭಾಷ್.

ತೆರೆಯ ಮೇಲೆ ಇದು ನಡೆಯಲ್ಲ. ಕಾಮಿಕ್‌ನಲ್ಲಿ ಆ ಹೆಂಗಸು ನಾಲ್ಕು ಗೀಟು. ಓದುವವರು ಪುಟವನ್ನ ಅರೆಕ್ಷಣದಲ್ಲಿ ದಾಟುತ್ತಾರೆ. ಸಿನಿಮಾದಲ್ಲಿ ಅವಳು ಒಬ್ಬ ನಟಿ, ನಿಜವಾದ ಕಣ್ಣೀರು, ನಿಜವಾದ ಎಣ್ಣೆಯ ಹೊಗೆ. ನೋಡುವವರು ಅಲ್ಲಿಂದ ಓಡುವ ಹಾಗಿಲ್ಲ, ಎರಡು ನಿಮಿಷ ಕೂತು ನೋಡಲೇಬೇಕು. ಆ ಎರಡು ನಿಮಿಷದಲ್ಲಿ ಗುರ್ಯಾನ ಮೇಲೆ ಅಸಹ್ಯ ಹುಟ್ಟಿದರೆ ಆಮೇಲೆ ಅವನು ಎಷ್ಟು ಜೋಕು ಹೊಡೆದರೂ ಥಿಯೇಟರ್ ನಗಲ್ಲ. ಚಿತ್ರದಲ್ಲಿ ಬಿಡಿಸಿದ ಮುಖಕ್ಕೆ ಸಿಗುವ ಮಾಫಿ ಮನುಷ್ಯರ ಮುಖಕ್ಕೆ ಸಿಗಲ್ಲ.

ನಾನಾದರೆ ಹೀಗೆ ಬರೆಯುತ್ತಿದ್ದೆ. ಗುರ್ಯಾ ಬರುತ್ತಾನೆ, ಬಾಯಿ ತೆಗೆಯುತ್ತಾನೆ. ಅವಳು ತಲೆ ಎತ್ತದೇ ಹೇಳುತ್ತಾಳೆ, ‘ಎಣ್ಣಿ ಕಾದೈತಿ. ಕೈ ಇಡ್ತಿ, ಏನ್ ಬಾಯಿ ಇಡ್ತಿ?’ ಸುತ್ತ ನಿಂತ ಗಿರಾಕಿಗಳು ಕಿಸಕ್ಕನೆ ನಗುತ್ತಾರೆ. ಗುರ್ಯಾ ಮರ್ಯಾದೆ ಉಳಿಸಿಕೊಳ್ಳಲು ಎರಡು ಪ್ಲೇಟ್ ಭಜಿ ತಿಂದು, ಅದರ ರೊಕ್ಕವನ್ನೂ ಕೊಟ್ಟು, ಬರಿಗೈಲಿ ಹೋಗುತ್ತಾನೆ. ಸಾಹುಕಾರನ ಮುಂದೆ ಅಂಗಡಿ ಮುಚ್ಚಿತ್ತು ಅಂತ ಸುಳ್ಳು ಹೇಳುತ್ತಾನೆ. ಮೀಸೆಗೆ ಭಜಿಯ ಚೂರು ಅಂಟಿಕೊಂಡಿದೆ. ಸಾಹುಕಾರನ ಆಳುಗಳು ಅವನಿಗೆ ಬಾರಿಸುತ್ತಾರೆ, ಒಂದು ಹಲ್ಲು ಹೋಗುತ್ತದೆ. ಆಗ ರಕ್ತ ಉಗುಳಿ ಕ್ಯಾಮೆರಾ ಕಡೆ ತಿರುಗಲಿ, ‘ಏನ್ ನೋಡಾಕತ್ತೀರಿ? ಭಜಿ ಛಲೋ ಇದ್ದೂವು.’ ಇಲ್ಲಿ ಒಂದೂ ಕೆಟ್ಟ ಪದ ಇಲ್ಲ. ಗುರ್ಯಾ ಮಾತ್ರ ಪೂರ್ತಿ ಇದ್ದಾನೆ. ನಿಮ್ಮ ‘ನಾಚಿಕಿ ಐತೇನ’ ಸಾಲನ್ನ ಬಿಸಾಡಬೇಡಿ, ಅವನು ದೊಡ್ಡವರ ಎದುರು ಸೋತು ನಿಂತ ಜಾಗಕ್ಕೆ ಇಟ್ಟುಕೊಳ್ಳಿ.

ಕ್ಯಾಮೆರಾ ಕಡೆ ತಿರುಗುವುದನ್ನೂ ಕಾಮಿಕ್‌ನಂತೆ ಪುಟಕ್ಕೊಂದು ಮಾಡಬೇಡಿ, ಬೇಗ ಸವೆಯುತ್ತದೆ. ಎಲ್ಲಿ ತಿರುಗುವುದಿಲ್ಲ ಅನ್ನುವುದನ್ನ ಮೊದಲು ಗೊತ್ತು ಮಾಡಿ. ಒಬ್ಬರ ಎದುರು ಮಾತ್ರ ಅವನಿಗೆ ನಮ್ಮ ನೆನಪೇ ಆಗಬಾರದು. ಅದು ಯಾರು ಅನ್ನುವುದೇ ನಿಮ್ಮ ಕಥೆಯ ಹೃದಯ.

ಆ ಜಾಗದಲ್ಲಿ ತಾಯಿ ಕೂತರೆ ತಪ್ಪೇನಿಲ್ಲ, ನಿರ್ಮಾಪಕರ ಮಾತು ಕೇಳಿ. ಆದರೆ ದೇವರ ಮುಂದೆ ದೀಪ ಹಚ್ಚಿ ಅಳುವ ತಾಯಿ ಬೇಡ, ಅವಳನ್ನ ನಾವು ಬೇಕಾದಷ್ಟು ನೋಡಿದ್ದೇವೆ. ಮಗನಿಗಿಂತ ಬಾಯಿ ಜೋರಿರುವ, ಅವನ ಸುಳ್ಳನ್ನ ಬಾಗಿಲಲ್ಲೇ ಹಿಡಿಯುವ ತಾಯಿ ಇರಲಿ. ಬೇಂದ್ರೆಯವರ ಹುಬ್ಬಳ್ಳಿಯಾಂವಾ ಗೊತ್ತಲ್ಲ? ನಂಬುವಂಥ ಆಸಾಮಿ ಅಲ್ಲ. ಆದರೂ ಆ ಪದ್ಯ ಕೇಳಿದವರಿಗೆ ಅವನ ಮೇಲೆ ಸಿಟ್ಟು ಬರಲ್ಲ. ಯಾಕಂದರೆ ಅವನನ್ನ ನಮಗೆ ತೋರಿಸುವವಳು ದಾರಿ ಕಾಯುತ್ತಾ ಕೂತ ಒಬ್ಬ ಹೆಣ್ಣು. ಅವಳ ದೂರಿನಲ್ಲೇ ಅವನು ಚೆಂದ ಕಾಣುತ್ತಾನೆ. ಗುರ್ಯಾನನ್ನ ಹಾಗೆ ನೋಡುವ ಒಂದು ಜೊತೆ ಕಣ್ಣು ಕೊಡಿ.

ಮಾತಿನ ಧಾಟಿ ಬದಲಿಸಿ, ಬೆಂಗಳೂರು ಕನ್ನಡ ಮಾಡಿ ಅಂತ ಒತ್ತಡ ಬಂದೇ ಬರುತ್ತದೆ. ಒಪ್ಪಬೇಡಿ. ಒಂದು ಎಚ್ಚರ ಮಾತ್ರ ಇರಲಿ. ನಮ್ಮ ಸಿನಿಮಾಗಳಲ್ಲಿ ಈ ಕಡೆಯ ಮಾತನ್ನ ಬಹಳ ಸಲ ಕಾಮಿಡಿಗೆ ಬಳಸಿದ್ದಾರೆ. ಧಾಟಿ ಕೇಳಿದ ಕೂಡಲೇ ನಗಬೇಕು ಅನ್ನುವ ರೂಢಿ ಬಿದ್ದಿದೆ. ಗುರ್ಯಾ ಒಬ್ಬನೇ ಹಾಗೆ ಮಾತಾಡಿದರೆ ಅವನೂ ಕಾಮಿಡಿ ಪಾತ್ರವೇ ಆಗುತ್ತಾನೆ. ಸಾಹುಕಾರ, ಪೊಲೀಸಿನವನು, ವಕೀಲ, ಡಾಕ್ಟರ್ ಎಲ್ಲರೂ ಅದೇ ಮಾತಾಡಲಿ.

ಬಜೆಟ್ ವಿಷಯಕ್ಕೆ ಡೆಡ್‌ಪೂಲ್‌ನಿಂದ ಇನ್ನೊಂದು ಪಾಠ. ಚಿತ್ರೀಕರಣಕ್ಕೆ ಮುಂಚೆ ಕೊನೇ ಗಳಿಗೆಯಲ್ಲಿ ಸ್ಟುಡಿಯೊ ಲಕ್ಷಾಂತರ ಡಾಲರ್ ಕತ್ತರಿಸಿತು. ಕೊನೆಯ ಹೊಡೆದಾಟಕ್ಕೆ ಬರೆದಿದ್ದ ದೊಡ್ಡ ಬಂದೂಕಿನ ಕಾಳಗಕ್ಕೆ ದುಡ್ಡಿಲ್ಲ. ಬರಹಗಾರರು ಏನು ಮಾಡಿದರು? ಬಂದೂಕು ತುಂಬಿದ ಚೀಲವನ್ನ ಅವನು ಟ್ಯಾಕ್ಸಿಯಲ್ಲಿ ಮರೆತು ಬರುವ ಹಾಗೆ ಬರೆದರು. ಖರ್ಚು ಉಳಿಯಿತು, ಪಾತ್ರಕ್ಕೆ ಹೇಳಿ ಮಾಡಿಸಿದಂಥ ಜೋಕೂ ಸಿಕ್ಕಿತು. ನಿಮ್ಮ ಚಿತ್ರಕಥೆಯಲ್ಲಿ ಚೆನ್ನಮ್ಮ ಸರ್ಕಲ್‌ನಲ್ಲಿ ಹತ್ತು ಕಾರು ಹಾರುವ ಚೇಸ್ ಇದೆ. ಅದನ್ನ ರೈಲು ನಿಲ್ದಾಣಕ್ಕೆ ಒಯ್ಯಿರಿ. ಹುಬ್ಬಳ್ಳಿಯ ಪ್ಲಾಟ್‌ಫಾರ್ಮ್ 1,507 ಮೀಟರ್, ಜಗತ್ತಿನಲ್ಲೇ ಉದ್ದ. ಗುರ್ಯಾ ಮುಂದೆ, ಆಳುಗಳು ಹಿಂದೆ. ಓಡುತ್ತಾರೆ, ಓಡುತ್ತಾರೆ, ಪ್ಲಾಟ್‌ಫಾರ್ಮ್ ಮುಗಿಯಲ್ಲ. ಅರ್ಧದಲ್ಲಿ ಎಲ್ಲರಿಗೂ ಏದುಸಿರು. ಒಂದೇ ಬೆಂಚಿನ ಮೇಲೆ ಕೂತು, ಚಹಾ ಕುಡಿದು, ಮತ್ತೆ ಎದ್ದು ಓಡಲಿ. ‘ಗಿನ್ನೆಸ್‌ನವ್ರು ಅಳತಿ ತಗೊಂಡ್ರು, ಓಡಿ ನೋಡ್ಲಿಲ್ಲ ಮಕ್ಳು’ ಅಂತ ಒಂದು ಸಾಲು ಹಾಕಿ. ರೈಲ್ವೆಯ ಅನುಮತಿ, ಶುಲ್ಕ ಇದ್ದೇ ಇದೆ, ಆದರೂ ಹತ್ತು ಕಾರಿಗಿಂತ ಅಗ್ಗ. ಖರ್ಚು ಕಮ್ಮಿ ಇದ್ದಷ್ಟೂ ನಿರ್ಮಾಪಕರ ಭಯ ಕಮ್ಮಿ, ಭಯ ಕಮ್ಮಿ ಆದಷ್ಟೂ ಗುರ್ಯಾನ ಬಾಯಿಗೆ ಸಡಿಲ.

ಸರ್ಟಿಫಿಕೇಟ್ ಬಗ್ಗೆ ಗಾಬರಿ ಬೇಡ, ಲೆಕ್ಕ ಇರಲಿ. ‘ಎ’ ಸಿಕ್ಕ ಸಿನಿಮಾವನ್ನ ಹಾಗೇ ಟಿವಿಯಲ್ಲಿ ಹಾಕುವಂತಿಲ್ಲ, ಕತ್ತರಿಸಿ ಮತ್ತೆ ಸೆನ್ಸಾರ್ ಮಾಡಿಸಬೇಕು. ನಿರ್ಮಾಪಕರ ಹೆದರಿಕೆ ನೈತಿಕತೆಗಿಂತ ಜಾಸ್ತಿ ಟಿವಿಗೆ ಮಾರಿ ಬರುವ ಈ ಸ್ಯಾಟಲೈಟ್ ದುಡ್ಡಿನದು. 2023ರ ತಿದ್ದುಪಡಿ ಆದ ಮೇಲೆ ‘ಯುಎ’ಯಲ್ಲೇ 7+, 13+, 16+ ಅಂತ ಮೂರು ಮೆಟ್ಟಿಲು ಬಂದಿವೆ. ಗುರ್ಯಾನಿಗೆ 16+ ಗುರಿ ಇಟ್ಟು ಬರೆಯಿರಿ. ಡೆಡ್‌ಪೂಲ್‌ನವರೂ ಎರಡನೇ ಭಾಗವನ್ನ 2018ರ ಡಿಸೆಂಬರ್‌ನಲ್ಲಿ ಮಕ್ಕಳಿಗೆ ಹೊಂದುವಂತೆ ತೊಳೆದು ಮತ್ತೆ ಬಿಟ್ಟರು. ಸುಮ್ನೆ ಬೀಪ್ ಹಾಕಿ ಬಿಡಲಿಲ್ಲ. ನಟ ಫ್ರೆಡ್ ಸ್ಯಾವೇಜ್‌ನನ್ನ ಅಪಹರಿಸಿ ತಂದು ಹಾಸಿಗೆಗೆ ಕಟ್ಟಿ ಕಥೆ ಹೇಳುವ ಹೊಸ ದೃಶ್ಯ ಸೇರಿಸಿ, ತೊಳೆಯುವುದನ್ನೇ ಗೇಲಿ ಮಾಡಿದರು. ನಿಮಗೂ ಬೀಪ್ ಹಾಕಲೇಬೇಕಾದರೆ ಗುರ್ಯಾನಿಗೆ ಅದು ಕೇಳಿಸಲಿ, ಅವನು ಅದರ ಜೊತೆಗೂ ಜಗಳಕ್ಕೆ ನಿಲ್ಲಲಿ. ಜಾತಿ ಹಿಡಿದು ಬೈಯುವ ಎರಡು ಜಾಗ ನಿಮ್ಮ ಪುಟಗಳಲ್ಲಿವೆ. ಅವನ್ನ ಇವತ್ತೇ ತೆಗೆಯಿರಿ, ಸೆನ್ಸಾರ್‌ಗೆ ಹೆದರಿ ಅಲ್ಲ. ಅಲ್ಲಿ ಗುರ್ಯಾ ಕೆಳಗಿನವರನ್ನ ತುಳಿಯುತ್ತಿದ್ದಾನೆ.

ಕೊನೆಯದಾಗಿ, ನೀವು ಕೇಳದೇ ಇದ್ದದ್ದು. ಹಕ್ಕಿನ ಮಾತು. 1957ರ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕು ವರ್ಗಾವಣೆ ಬರಹದಲ್ಲೇ ಆಗಬೇಕು, ಬಾಯಿ ಮಾತು ನಡೆಯಲ್ಲ. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಐದು ವರ್ಷ ಅಂತ ಲೆಕ್ಕ. ಎಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಒಂದು ಸಿನಿಮಾ ಮಾಡುವ ಹಕ್ಕು ಬೇರೆ, ಗುರ್ಯಾನ ಪಾತ್ರವನ್ನೇ ಬರೆದುಕೊಡುವುದು ಬೇರೆ. ಎರಡನೇ ಭಾಗ, ವೆಬ್ ಸರಣಿ, ಟೀ ಶರ್ಟ್ ಎಲ್ಲ ಈ ಎರಡನೆಯದರೊಳಗೆ ಬರುತ್ತವೆ. ಮೊದಲನೆಯದಕ್ಕೆ ಮಾತ್ರ ಸಹಿ ಹಾಕಿ. ಕಾಮಿಕ್ ಮುಂದುವರಿಸುವ ಹಕ್ಕು ನಿಮ್ಮದೇ ಅಂತ ಒಂದು ಸಾಲು ಸೇರಿಸಿ. ಒಪ್ಪಂದವನ್ನ ಈ ವಿಷಯ ಗೊತ್ತಿರುವ ವಕೀಲರಿಗೆ ತೋರಿಸುವ ತನಕ ಮೂಲ ಚಿತ್ರಗಳ ಫೈಲ್ ಯಾರಿಗೂ ಕಳಿಸಬೇಡಿ.